ಜ್ವರದ ಸಿರಪ್ ಮತ್ತು ಎಳೆಯ ಮಗುವಿನ ದೇಹ: ತಡವಾಗಿ ಎದ್ದ ಪ್ರಶ್ನೆ

ಮಳೆಗಾಲದಲ್ಲಿ ಮಂಗಳೂರು, ಉಡುಪಿಯ ಆಸ್ಪತ್ರೆಗಳಿಗೆ ಜ್ವರವೆಂದು ಬರುವ ಮಕ್ಕಳಲ್ಲಿ ಅನೇಕರು ಅದಾಗಲೇ ಮನೆಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕುಡಿದಿರುತ್ತಾರೆ. ಇಷ್ಟು ಬಳಕೆಯಲ್ಲಿರುವ ಔಷಧವು ಎಳೆಯ ಮಕ್ಕಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದರ ಸಂಶೋಧನೆ ಮಾತ್ರ ಔಷಧದ ಬಹಳ ಹಿಂದೆಯೇ ಉಳಿದಿತ್ತು.

1878ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಹಾರ್ಮನ್ ಮೋರ್ಸ್ ತಯಾರಿಸಿದ ಪ್ಯಾರಾಸಿಟಮಾಲನ್ನು ಜರ್ಮನಿಯ ವೈದ್ಯ ಫಾನ್ ಮೆರಿಂಗ್ ರೋಗಿಗಳಿಗೆ ಕೊಟ್ಟು ನೋಡಿದರೂ, ಅದು ರಕ್ತಕ್ಕೆ ಹಾನಿಕರವೆಂಬ ತಪ್ಪು ಗ್ರಹಿಕೆಯಿಂದ ಅರ್ಧ ಶತಮಾನ ಮೂಲೆಗೆ ಸೇರಿತು. ಆಗ ಬಳಕೆಯಲ್ಲಿದ್ದ ಅಸಿಟನಿಲೈಡ್ ಎಂಬ ಜ್ವರದ ಔಷಧ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಮಾರ್ಪಟ್ಟೇ ಗುಣ ಕೊಡುತ್ತದೆ ಎಂದು 1948ರಲ್ಲಿ ವಿಜ್ಞಾನಿಗಳಾದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ತೋರಿಸಿದರು. 1955ರಲ್ಲಿ ಅಮೆರಿಕದಲ್ಲಿ ಮಕ್ಕಳ ದ್ರವೌಷಧವಾಗಿ ಅದು ಮಾರುಕಟ್ಟೆಗೆ ಬಂತು. ಮಿದುಳು ಮತ್ತು ಯಕೃತ್ತನ್ನು ಬಾಧಿಸುವ ರೇ ಸಿಂಡ್ರೋಮ್‌ಗೂ ಆಸ್ಪಿರಿನ್‌ಗೂ ನಂಟಿದೆಯೆಂದು 1980ರ ದಶಕದಲ್ಲಿ ಸ್ಪಷ್ಟವಾದ ಮೇಲೆ ಮಕ್ಕಳ ಜ್ವರಕ್ಕೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆಯಾಯಿತು.

ಸೋಂಕು ತಗಲಿದಾಗ ಮೈಬಿಸಿಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ, ದೇಹ ಕಾಯ್ದುಕೊಳ್ಳಬೇಕಾದ ಉಷ್ಣತೆಯ ಮಟ್ಟವೇ ಮೇಲೇರುತ್ತದೆ. ಈ ಔಷಧ ಮಿದುಳಿನಲ್ಲಿ ಅದರ ಉತ್ಪಾದನೆಯನ್ನು ತಗ್ಗಿಸುತ್ತದೆ ಎಂದು 1972ರಲ್ಲಿ ವಿಜ್ಞಾನಿಗಳಾದ ಫ್ಲವರ್ ಮತ್ತು ವೇನ್ ಸೂಚಿಸಿದರು. ಪೂರ್ಣ ವಿವರಣೆಯ ಕುರಿತ ಚರ್ಚೆ ಇನ್ನೂ ಮುಗಿದಿಲ್ಲ. ರೋಗಾಣುವಿನ ಮೇಲೆ ಈ ಔಷಧಕ್ಕೆ ಯಾವ ಹಿಡಿತವೂ ಇಲ್ಲ. ಜ್ವರ ಇಳಿಯುವ ಹೊತ್ತಿನಲ್ಲೇ ಡೆಂಗಿಯ ಅಪಾಯದ ಘಟ್ಟ ಆರಂಭವಾಗಬಹುದಾದ್ದರಿಂದ ಕರಾವಳಿಯ ಹೆತ್ತವರು ಇದನ್ನು ಅರಿತಿರಲೇಬೇಕು.

ಮಗುವೆಂದರೆ ಗಾತ್ರದಲ್ಲಿ ಚಿಕ್ಕದಾದ ವಯಸ್ಕನಲ್ಲ. ದೊಡ್ಡವರ ಯಕೃತ್ತು ಈ ಔಷಧವನ್ನು ಮುಖ್ಯವಾಗಿ ಗ್ಲುಕುರೊನೈಡ್ ಎಂಬ ನೀರಿನಲ್ಲಿ ಕರಗುವ ರೂಪಕ್ಕೆ ಪರಿವರ್ತಿಸಿ ಹೊರಹಾಕಿದರೆ, ಆ ಮಾರ್ಗ ಇನ್ನೂ ಬಲಿತಿರದ ಎಳೆಯ ಮಕ್ಕಳಲ್ಲಿ ಔಷಧಕ್ಕೆ ಸಲ್ಫೇಟ್ ಜೋಡಿಸಿ ಹೊರಹಾಕುವ ಮಾರ್ಗವೇ ಹೆಚ್ಚಿನ ಹೊರೆ ಹೊರುತ್ತದೆ. ನವಜಾತ ಶಿಶುವಿನ ದೇಹದಿಂದ ಔಷಧ ನಿಧಾನವಾಗಿ ಹೊರಹೋಗುತ್ತದೆ. ಇದನ್ನು ಅಳೆಯಲು ಪುಟ್ಟ ಮಗುವಿನಿಂದ ಮತ್ತೆ ಮತ್ತೆ ರಕ್ತ ತೆಗೆಯುವುದು ಸರಿಯಲ್ಲ. ಹಾಗಾಗಿ ಅನೇಕ ಮಕ್ಕಳಿಂದ ಬೇರೆ ಬೇರೆ ಹೊತ್ತಿನಲ್ಲಿ ಒಂದೆರಡು ರಕ್ತದ ಮಾದರಿಗಳನ್ನಷ್ಟೇ ಪಡೆದು, ಗಣಿತದ ಮಾದರಿಯಿಂದ ಒಟ್ಟು ಚಿತ್ರ ಕಟ್ಟುವ ವಿಧಾನ ಬೆಳೆದುಬಂತು. ಅದಕ್ಕೂ ಹೆತ್ತವರ ಒಪ್ಪಿಗೆ ಬೇಕು. ನಮ್ಮ ದೇಶದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಈ ಎಚ್ಚರ ಸಂಶೋಧನೆಯನ್ನು ನಿಧಾನಗೊಳಿಸಿದರೂ ಅದು ನ್ಯಾಯವಾದದ್ದೆಂದೇ ನನ್ನ ನಂಬಿಕೆ.

ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿದ ಮೇಲೂ ಮೈಬಿಸಿ ತೀರ ಕೆಳಗಿಳಿಯಲು ಇನ್ನಷ್ಟು ಸಮಯ ಹಿಡಿಯುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ತಿಳಿದ ಮುಖ್ಯ ಸಂಗತಿ. ಅರ್ಧ ಗಂಟೆಯಾದರೂ ಜ್ವರ ಇಳಿಯಲಿಲ್ಲವೆಂದು ಮತ್ತೊಮ್ಮೆ ಕುಡಿಸಿದರೆ ಯಕೃತ್ತಿಗೆ ಅಪಾಯ. ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕು. ಮೆಡಿಕಲ್‌ಗಳಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂನ ಸಿರಪ್ಪೂ ಇದೆ, 250ರದ್ದೂ ಇದೆ. ಹತ್ತು ಕಿಲೋ ತೂಗುವ ಮಗುವಿಗೆ ಮೊದಲನೆಯದು 4ರಿಂದ 6 ಮಿಲಿಲೀಟರ್ ಬೇಕಾದರೆ, ಎರಡನೆಯದು 2ರಿಂದ 3 ಮಿಲಿಲೀಟರ್ ಸಾಕು.