ಇಷ್ಟೊಂದು ಕಾರ್ಟೂನ್ ಚಾನೆಲ್ ಅದಾವ, ಕನ್ನಡದಾಗ ಯಾಕ ಇಷ್ಟ ಕಡಿಮಿ?

ಗಂಗಾವತಿ ಸುತ್ತ ಸೆಟ್‌ಟಾಪ್ ಬಾಕ್ಸ್ ಕೂಡಿಸಾಕ ಹೋದ ಮನಿಮನಿಯಾಗೂ ಇದ ಪ್ರಶ್ನೆ, ಉತ್ತರಾನೂ ಅವ್ರ ಕೊಟ್ಬಿಡ್ತಾರ: "ಕನ್ನಡದಾಗ ಡಬ್ಬಿಂಗ್ ಬ್ಯಾನ್ ಐತಲ್ಲಣ್ಣ, ಅದಕ್ಕ."

ಇಲ್ರೀ! ಎಷ್ಟ ಸಲ ಹೇಳಬೇಕು. ಡಬ್ಬಿಂಗ್ ಮಾಡಬಾರ್ದು ಅಂತ ಸರ್ಕಾರದ ಕಾನೂನು ಯಾವತ್ತೂ ಇರಲಿಲ್ಲ, ಅದು ಚಿತ್ರರಂಗದವ್ರು ತಮ್ಮೊಳಗ ಹಾಕ್ಕೊಂಡಿದ್ದ ಕಟ್ಟುಪಾಡು. ಕನ್ನಡ ಗ್ರಾಹಕರ ಕೂಟದವ್ರು ದೂರು ಕೊಟ್ಟ ಮ್ಯಾಲ 2015ರಾಗ ಭಾರತೀಯ ಸ್ಪರ್ಧಾ ಆಯೋಗ (ವ್ಯಾಪಾರದಾಗ ಪೈಪೋಟಿಗೆ ಅಡ್ಡಿ ಬರದಂಗ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) ಆ ಕಟ್ಟುಪಾಡು ತಪ್ಪು ಅಂತ ಹೇಳಿ ಫಿಲಂ ಚೇಂಬರ್‌ಗೆ ದಂಡಾನೂ ಹಾಕಿತು. ಅದಕ್ಕೂ ಮೊದಲ, 2009ರಾಗ, ಸನ್ ನೆಟ್‌ವರ್ಕ್‌ನವ್ರು ಚಿಂಟು ಟಿವಿ ತಗದ್ರು, ಅದರಾಗ ಬರೋ ಕಾರ್ಟೂನ್ ಕನ್ನಡಕ್ಕ ಡಬ್ ಆದವ ಅಲ್ಲೇನು? ಕಾನೂನಿನ್ಯಾಗ ಬ್ಯಾನ್ ಇದ್ದಿದ್ರ ಅದು ಹೆಂಗ ನಡೀತಿತ್ತು? ದಿನಾ ಅದನ್ನ ನೋಡೋ ಮನ್ಯಾಗ ಕುಂತು ಬ್ಯಾನ್ ಐತಿ ಅಂತಾರ.

ಅಸಲಿ ಮಾತು ಮಾಲೀಕರದು. ನಿಕ್, ಸೋನಿಕ್ ಒಬ್ಬರವು, ಡಿಸ್ನಿ, ಹಂಗಾಮ ಇನ್ನೊಬ್ಬರವು ಇದ್ವು, 2024ರ ನವೆಂಬರ್‌ನ್ಯಾಗ ರಿಲಯನ್ಸ್ ಮತ್ತ ಡಿಸ್ನಿ ಕೂಡಿ ಜಿಯೋಸ್ಟಾರ್ ಆದಾಗ ಎಲ್ಲಾ ಒಂದ ಮನಿಯವಾದ್ವು. ಕಾರ್ಟೂನ್ ನೆಟ್‌ವರ್ಕ್, ಪೋಗೋ, ಡಿಸ್ಕವರಿ ಕಿಡ್ಸ್ 2022ರಾಗ ಹಂಗ ಆದ್ವು. ಬ್ಯಾರೆ ಬ್ಯಾರೆ ಮಾಲೀಕ್ರು ಇದ್ರ ಒಬ್ಬರಿಗಿಂತ ಒಬ್ಬರು ಹೊಸಾದು ತರಬೇಕಾಗ್ತೈತಿ, ಒಬ್ಬರ ಕೈಯಾಗ ಇದ್ರ ಇಲ್ಲಿ ಹಾಕಿದ್ದನ್ನ ಅಲ್ಲಿ ಹಾಕಿದ್ರೂ ನಡೀತೈತಿ. ಹುಡುಗ್ರು ದೊಡ್ಡವರಾಗ್ತಾರ, ಸಣ್ಣವರು ಬರ್ತಾರ, ಹಳೇದ ಅವರಿಗೆ ಹೊಸಾದು.

ಕನ್ನಡಕ್ಕ ಪೆಟ್ಟು ಬೀಳೋದು ಇಲ್ಲೇ. ಭಾಳಷ್ಟು ಕಡೆ ಕನ್ನಡ ಅಂದ್ರ ಬ್ಯಾರೆ ಚಾನೆಲ್ ಅಲ್ಲ, ಅದ ಚಿತ್ರಕ್ಕ ಇನ್ನೊಂದು ಆಡಿಯೋ ಅಷ್ಟ. ಚಿತ್ರ ಒಂದ, ಜಾಹೀರಾತೂ ಒಂದ, ಕನ್ನಡದ್ದಂತ ಬ್ಯಾರೆ ರೊಕ್ಕ ಹುಟ್ಟಂಗಿಲ್ಲ, ಹಿಂಗಾಗಿ ದನಿ ಕೊಡೋರಿಗೆ, ಬರಿಯೋರಿಗೆ ಖರ್ಚು ಮಾಡಾಕ ಕೈ ಬಿಗಿ ಹಿಡೀತಾರ. ಇಲ್ಲೇ ಹುಟ್ಟಿದ ಕಥಿ ಇಟ್ಕೊಂಡು ಹೊಸಾ ಕಾರ್ಟೂನ್ ಮಾಡೋದಂತೂ ದೂರದ ಮಾತು.

ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೀನಿ: ಆ ಆಡಿಯೋ ಐತೋ ಇಲ್ಲೋ ಒಮ್ಮೆರ ನೋಡ್ರಿ. ರಿಮೋಟ್‌ನ್ಯಾಗ ಆಡಿಯೋ ಇಲ್ಲಾ ಲ್ಯಾಂಗ್ವೇಜ್ ಅಂತ ಬಟನ್ ಇರ್ತೈತಿ, ಚಾನೆಲ್ ಹಚ್ಚಿ ಅದನ್ನ ಒತ್ಕೋತ ಹೋಗ್ರಿ. ಹೋದ ತಿಂಗಳ ಕಾರಟಗಿಯಾಗ ಒಂದು ಮನ್ಯಾಗ ನಾಲ್ಕು ವರ್ಷದ ಕೂಸು ಅವ್ವನ ಕೂಡ ತೆಲುಗಿನ್ಯಾಗ ನೀರು ಕೇಳ್ತಿತ್ತು, ನಾ ಮೂರು ಸಲ ಒತ್ತಿದ ಮ್ಯಾಲ ಕನ್ನಡ ಬಂತು.