ಪೆನ್ಷನ್ ದುಡ್ಡು ತೆಗೆಯೋ 10ಸಿ ಫಾರಂಗೆ ಅಷ್ಟು ಅವಸರ ಏನ್ರೀ?

ಕಾಫಿ ಕುಯ್ಲು ಶುರುವಾಗೋ ಹೊತ್ತಿಗೆ ಹಾಸನದ ನಮ್ಮ ಆಫೀಸಿಗೆ ಬೆಂಗಳೂರಿಂದ ಬರೋರು ಜಾಸ್ತಿ. ಮೂವತ್ತೈದು ನಲವತ್ತರ ಹುಡುಗರು, "ಸಾರ್ ಸಾಕಾಗಿದೆ, ಒಂದೆರಡು ವರ್ಷ ಸಕಲೇಶಪುರದ ತೋಟ ನೋಡ್ಕೊಂಡಿರ್ತೀನಿ" ಅಂತಾರೆ. ಇರಿ, ಸಂತೋಷ. ಖರ್ಚೆಷ್ಟು, ಹೆಲ್ತ್ ಇನ್ಶೂರೆನ್ಸ್ ಏನು ಎಲ್ಲಾ ಎಕ್ಸೆಲ್ ಹಾಕ್ಕೊಂಡೇ ಬಂದಿರ್ತಾರೆ. ಪಿಎಫ್ ಮಾತ್ರ ಸೈಬರ್ ಸೆಂಟರಲ್ಲಿ ಕ್ಲೇಮ್ ಹಾಕಿಸಿ ಆಮೇಲೆ ನನ್ನ ಹತ್ರ ಬರ್ತಾರೆ, ತೆರಿಗೆ ಬೀಳುತ್ತಾ ಕೇಳೋಕೆ!

ಯಾಕಪ್ಪಾ ತೆಗೆದೆ ಅಂದ್ರೆ ಎಲ್ಲರದ್ದೂ ಒಂದೇ ಉತ್ತರ, "ಮೂರು ವರ್ಷ ದುಡ್ಡು ಬೀಳ್ದಿದ್ರೆ ಬಡ್ಡಿ ನಿಂತೋಗುತ್ತಂತೆ". 2011ರ ರೂಲ್ ಅದು, 2016ರಲ್ಲೇ ಹೋಯ್ತು. ಕೆಲಸ ಬಿಟ್ರೂ 58 ಆಗೋವರೆಗೆ ಬಡ್ಡಿ ಬರುತ್ತೆ, 2024-25ಕ್ಕೆ 8.25 ಪರ್ಸೆಂಟ್. ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ, ರಿಟರ್ನಲ್ಲಿ ತೋರಿಸ್ಬೇಕು, ಅಷ್ಟೆ.

ಹೊಟ್ಟೆ ಉರಿಯೋದು 10ಸಿ ನೋಡಿದಾಗ. ಪಿಎಫ್ ಬೇರೆ, ಪೆನ್ಷನ್ ಬೇರೆ ಕಣ್ರೀ. ಕಂಪನಿ ಹಾಕೋದ್ರಲ್ಲಿ ತಿಂಗಳಿಗೆ 1,250 ರೂಪಾಯಿವರೆಗೆ ಪೆನ್ಷನ್ನಿಗೆ ಹೋಗುತ್ತೆ, 10 ವರ್ಷ ಸರ್ವಿಸ್ ಆದ್ರೆ ಪೆನ್ಷನ್ ಗ್ಯಾರಂಟಿ. ಒಂದೇ ಸಮನೆ ಹತ್ತು ವರ್ಷ ಅಂತಲ್ಲ, ಮಧ್ಯೆ ಗ್ಯಾಪ್ ಇದ್ರೂ ಹಿಂದಿಂದು ಮುಂದಿಂದು ಕೂಡುತ್ತೆ, ತೆಗೀದೇ ಇದ್ರೆ. ತೆಗೆದ್ರೋ ಆ ಸರ್ವಿಸ್ ಸೊನ್ನೆ. ಮತ್ತೆ ಕೆಲಸಕ್ಕೆ ಸೇರಿದಾಗ ಬೇಸಿಕ್ 15,000 ದಾಟಿದ್ರೆ ಸಾಮಾನ್ಯವಾಗಿ ಪೆನ್ಷನ್ ಸ್ಕೀಮಿಗೆ ತಗೊಳ್ಳೋದೇ ಇಲ್ಲ, 2014ರ ಸೆಪ್ಟೆಂಬರಿಂದ ಹಂಗೆ. ಇನ್ನೊಂದ್ಸಲ ಹೇಳ್ತೀನಿ, ಬ್ರೇಕ್ ತಗೊಂಡ್ರೆ ಸರ್ವಿಸ್ ಹೋಗಲ್ಲ, ದುಡ್ಡು ತೆಗೆದ್ರೆ ಹೋಗುತ್ತೆ. ಅದೇ 10ಸಿಯಲ್ಲಿ ದುಡ್ಡು ಬೇಡ, ಸರ್ವಿಸ್ ಉಳಿಸಿಕೊಡೋ ಸ್ಕೀಮ್ ಸರ್ಟಿಫಿಕೇಟ್ ಕೊಡಿ ಅಂತಲೂ ಕೇಳಬಹುದು. ಹತ್ತು ವರ್ಷಕ್ಕೆ ಬರೋದು ತಿಂಗಳಿಗೆ ಎರಡು ಸಾವಿರ ಚಿಲ್ಲರೆ, ದೊಡ್ಡದಲ್ಲ ಒಪ್ಪಿದೆ, ಆದ್ರೆ ಇರೋವರೆಗೂ ಬರುತ್ತೆ, ಆಮೇಲೆ ಹೆಂಡ್ತಿಗೆ ಅರ್ಧ. ವಿತ್‌ಡ್ರಾ ರೂಲ್ಸ್ ಬದಲಾಗ್ತಾ ಇರ್ತವೆ, ಒಬ್ಬೊಬ್ಬರ ಪಾಸ್‌ಬುಕ್ ಒಂದೊಂದು ಥರ, ಕ್ಲೇಮ್ ಹಾಕೋಕೆ ಮುಂಚೆ ಯಾರಿಗಾದ್ರೂ ತೋರಿಸಿ.

ಹೋದ ವರ್ಷ ಒಬ್ಬ ಅಮ್ಮನ ಜೊತೆ ಬಂದಿದ್ದ. 8 ವರ್ಷ 7 ತಿಂಗಳ ಸರ್ವಿಸ್, ಎಲ್ಲಾ ಬಳಿದು ತೋಟಕ್ಕೆ ಸ್ಪ್ರಿಂಕ್ಲರ್ ಪೈಪು, ಮೋಟ್ರು ತಂದಿದ್ದ, ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಕೈಕೊಡುತ್ತೆ ಅಂತ. ಹೂಮಳೆ ಚೆನ್ನಾಗೇ ಬಂತು. ಪೈಪು ಕಣದ ಮೂಲೇಲಿ ಹಂಗೇ ಬಿದ್ದಿದೆಯಂತೆ. "ಆ ದುಡ್ಡು ವಾಪಸ್ ಕಟ್ಟಿದ್ರೆ ಆಗಲ್ವಾ ಸಾರ್?" ಅಂದ್ರು ಆ ತಾಯಿ. ಆಗಲ್ಲಮ್ಮ ಅಂದೆ. ಎದ್ದು ಹೋಗೋವಾಗ ಒಂದು ಕವರ್ ಕಾಳುಮೆಣಸು ಟೇಬಲ್ ಮೇಲಿಟ್ರು, ನಂಗೆ ಫೀಸ್ ಕೇಳೋಕೆ ಬಾಯಿ ಬರ್ಲಿಲ್ಲ.