ಎಣ್ಣೆ ದಪ್ಪ, ಆದರೂ ತೇಲುವುದು ಏಕೆ? ಸಾಂದ್ರತೆಯ ಟಿಪ್ಪಣಿ

ಅಡುಗೆಮನೆಯಲ್ಲಿ ಶೇಂಗಾ ಎಣ್ಣೆಯ ಪಾಕೀಟು ಇದ್ದರೆ ಒಮ್ಮೆ ಕೈಗೆ ತಗೊಳ್ಳಿ. ‘1 ಲೀಟರ್’ ಎಂದು ಬರೆದ ಹತ್ತಿರವೇ ‘910 ಗ್ರಾಂ’ ಎಂದೂ ಇರುತ್ತದೆ. ಅದೇ ಒಂದು ಲೀಟರ್ ನೀರು ತೂಗಿದರೆ ಹೆಚ್ಚುಕಡಿಮೆ 1000 ಗ್ರಾಂ. ಜಾಗ ಒಂದೇ, ತೂಕ ಬೇರೆ. ಸಾಂದ್ರತೆ ಅಂದರೆ ಇದೇ.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ಒಂಬತ್ತನೇ ತರಗತಿಯ ಹುಡುಗನಿಗೆ ಈ ಪಾಠ ಹೇಳಿಕೊಡುತ್ತಿದ್ದೆ. ಅವನು ಕೇಳಿದ: “ಅಣ್ಣಾ, ಎಣ್ಣಿ ನೀರಿಗಿಂತ ದಪ್ಪ ಐತಲ್ಲ, ಮತ್ತ ಅದು ತಳಕ್ಕ ಹೋಗಬೇಕಿತ್ತಲ್ಲ?” ತುಂಬ ಒಳ್ಳೆಯ ಪ್ರಶ್ನೆ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುವ ನಮ್ಮಂಥವರೂ ಇಲ್ಲೇ ಎಡವುತ್ತೇವೆ. ಎಣ್ಣೆ ‘ದಪ್ಪ’ ಅನ್ನುವಾಗ ನಾವು ಹೇಳುವುದು ಅದು ನಿಧಾನ ಹರಿಯುತ್ತದೆ ಅಂತ. ಅದು ಸ್ನಿಗ್ಧತೆ. ಸಾಂದ್ರತೆಗೂ ಅದಕ್ಕೂ ಸಂಬಂಧವಿಲ್ಲ. ಪಾದರಸವನ್ನೇ ನೋಡಿ, ಎಣ್ಣೆಗಿಂತ ಎಷ್ಟೋ ಸಲೀಸಾಗಿ ಹರಿದಾಡುತ್ತದೆ. ಆದರೆ ಒಂದು ಲೀಟರ್ ಪಾದರಸ 13.6 ಕೆ.ಜಿ. ತೂಗುತ್ತದೆ! ಜೇನುತುಪ್ಪ ದಪ್ಪವೂ ಹೌದು, ಲೀಟರಿಗೆ ಸುಮಾರು 1.4 ಕೆ.ಜಿ. ತೂಗುವುದೂ ಹೌದು. ಎರಡು ಗುಣ ಒಂದೇ ವಸ್ತುವಿನಲ್ಲಿ ಸೇರಿವೆ, ಅಷ್ಟೇ.

ಸೂತ್ರ ನಿಮಗೆ ಗೊತ್ತೇ ಇದೆ: ಸಾಂದ್ರತೆ = ರಾಶಿ ÷ ಗಾತ್ರ. ನೀರಿನದು ಘನ ಸೆಂಟಿಮೀಟರಿಗೆ 1 ಗ್ರಾಂ, ಅಂದರೆ ಘನ ಮೀಟರಿಗೆ 1000 ಕೆ.ಜಿ. ಎರಡೂ ಒಂದೇ ಬೆಲೆ. ಆದರೆ ಪರೀಕ್ಷೆಯಲ್ಲಿ ಏಕಮಾನ ಬದಲಿಸಿ ಕೊಟ್ಟಾಗ ಮೂರು ಸೊನ್ನೆ ಬಿಟ್ಟು ಅಂಕ ಕಳೆದುಕೊಳ್ಳುವವರು ಜಾಸ್ತಿ. ಒಂದು ವಸ್ತುವಿನ ಸಾಂದ್ರತೆಯನ್ನು ನೀರಿನ ಸಾಂದ್ರತೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ. ಇದಕ್ಕೆ ಏಕಮಾನವಿಲ್ಲ. ಶೇಂಗಾ ಎಣ್ಣೆ 0.91, ಮಂಜುಗಡ್ಡೆ 0.92, ಅಲ್ಯೂಮಿನಿಯಂ 2.7, ಕಬ್ಬಿಣ 7.9, ಬಂಗಾರ 19.3. 1ಕ್ಕಿಂತ ಕಡಿಮೆ ಇರುವುದು ನೀರಿನಲ್ಲಿ ತೇಲುತ್ತದೆ, ಹೆಚ್ಚಿರುವುದು ಮುಳುಗುತ್ತದೆ. ಎಣ್ಣೆ ತೇಲುವುದು ಅದಕ್ಕೇ.

ಈ ಅಂಕಿಗಳಿಂದ ತೇಲುತ್ತದೋ ಮುಳುಗುತ್ತದೋ ಅನ್ನುವುದು ಮಾತ್ರವಲ್ಲ, ತೇಲುವ ವಸ್ತುವಿನ ಎಷ್ಟು ಪಾಲು ನೀರಿನೊಳಗೆ ಇರುತ್ತದೆ ಅನ್ನುವುದೂ ತಿಳಿಯುತ್ತದೆ. ಮಂಜುಗಡ್ಡೆ 0.92 ಅಂದರೆ ನೂರಕ್ಕೆ 92 ಪಾಲು ಒಳಗೆ, 8 ಪಾಲು ಮಾತ್ರ ಹೊರಗೆ. ಗಟ್ಟಿಯಾದ ನೀರು ಹಗುರಾಗುವುದೇ ವಿಚಿತ್ರ ಅಲ್ವಾ? ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ನಡುವೆ ಜಾಗ ಬಿಟ್ಟು ಜೋಡಿಸಿಕೊಂಡಿರುತ್ತವೆ. ಅದಕ್ಕೇ ಅಷ್ಟೇ ನೀರು ಹೆಚ್ಚು ಜಾಗ ಹಿಡಿಯುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇದನ್ನು ಮಾತ್ರ ಬಾಯಿಪಾಠ ಮಾಡಿಬಿಡಿ.

ಈಗ ನನಗೆ ತುಂಬ ಇಷ್ಟವಾದ ಪ್ರಯೋಗ. ಸೊಟ್ಟಪಟ್ಟ ಕಲ್ಲಿನ ಗಾತ್ರ ಅಳೆಯುವುದು ಹೇಗೆ? ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ಚೂರು ಮನೆಯಲ್ಲಿತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ: 405 ಗ್ರಾಂ. ಆಮೇಲೆ ಅದೇ ತಕ್ಕಡಿಯ ಮೇಲೆ ಅರ್ಧ ನೀರು ತುಂಬಿದ ಪಾತ್ರೆ ಇಟ್ಟು, ಗುಂಡಿ ಒತ್ತಿ ಸೊನ್ನೆಗೆ ತಂದೆ. ಕಲ್ಲಿಗೆ ದಾರ ಕಟ್ಟಿ ನೀರಿನೊಳಗೆ ಪೂರ್ತಿ ಇಳಿಬಿಟ್ಟೆ. ತಳಕ್ಕೂ ಅಂಚಿಗೂ ತಾಗಬಾರದು, ದಾರ ಕೈಯಲ್ಲೇ ಇರಬೇಕು. ತಕ್ಕಡಿ 150 ತೋರಿಸಿತು. ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. ನೀರು 1 ಗ್ರಾಂಗೆ 1 ಘನ ಸೆಂಟಿಮೀಟರ್, ಹಾಗಾಗಿ ಕಲ್ಲಿನ ಗಾತ್ರವೂ 150 ಘನ ಸೆಂಟಿಮೀಟರ್. 405 ÷ 150 = 2.7. ಇದು ಆರ್ಕಿಮಿಡೀಸ್ ತತ್ವವೇ: ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರಾಗುತ್ತದೆ. ಸುಮ್ನೆ ವ್ಯಾಖ್ಯೆ ಬರೆದು ಕಲಿಯುವುದಕ್ಕಿಂತ ದಾರ ಹಿಡಿದ ಕೈಗೆ ಕಲ್ಲು ಹಗುರಾದದ್ದು ಗೊತ್ತಾದರೆ ಮರೆಯುವುದೇ ಇಲ್ಲ.

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿರುತ್ತೀರಿ, ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಹಾಲಿನ ಸಾಂದ್ರತೆ ಸುಮಾರು 1.03. ನೀರು ಬೆರೆಸಿದರೆ ಅದು 1ರ ಕಡೆಗೆ ಇಳಿಯುತ್ತದೆ, ಕೊಳವೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಆದರೆ ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ಏಕೆಂದರೆ ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದು ಲೆಕ್ಕ ಹಾಕಿ ನೀರು ಸೇರಿಸಿದರೆ ಲ್ಯಾಕ್ಟೋಮೀಟರಿಗೆ ಅದು ಒಳ್ಳೆಯ ಹಾಲಿನಂತೆಯೇ ಕಾಣುತ್ತದೆ! ಅದಕ್ಕಾಗಿಯೇ ಕೊಬ್ಬಿನ ಅಂಶವನ್ನೂ ಬೇರೆಯಾಗಿ ಪರೀಕ್ಷಿಸುತ್ತಾರೆ.

ಹೊಲದಲ್ಲೂ ಇದೇ ಪಾಠ. ಬಿತ್ತುವ ಮುಂಚೆ ಸಜ್ಜೆ ಬೀಜವನ್ನು ಉಪ್ಪುನೀರಿಗೆ ಹಾಕಿದರೆ ಜೊಳ್ಳು ಕಾಳು ಮೇಲೆ ಬರುತ್ತದೆ, ಗಟ್ಟಿ ಕಾಳು ಕೆಳಗೆ ಉಳಿಯುತ್ತದೆ. ಬರೀ ನೀರು ಏಕೆ ಸಾಲದು? ಅರೆಜೊಳ್ಳು ಕಾಳು ನೀರಿಗಿಂತ ತುಸು ಸಾಂದ್ರ, ಬರೀ ನೀರಿನಲ್ಲಿ ಅದೂ ಮುಳುಗಿಬಿಡುತ್ತದೆ. ಉಪ್ಪು ಕರಗಿಸಿ ನೀರಿನ ಸಾಂದ್ರತೆ ಏರಿಸಿದಾಗ ಅದು ತೇಲುತ್ತದೆ. ಗಟ್ಟಿ ಕಾಳಿಗೆ ಉಪ್ಪು ಹತ್ತಿರುತ್ತದೆ, ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿಯೇ ಬಿತ್ತಬೇಕು.

ಕಬ್ಬಿಣದ ಹಡಗು ತೇಲುವುದೂ ಪರೀಕ್ಷೆಗೆ ಬರುತ್ತದೆ. ಒಳಗಿನ ಖಾಲಿ ಜಾಗ ಸೇರಿಸಿ ಸರಾಸರಿ ಸಾಂದ್ರತೆ ತೆಗೆದರೆ 1ಕ್ಕಿಂತ ಕಡಿಮೆ. ಖಾಲಿ ಚರಿಗೆ ಬಕೆಟ್ಟಿನಲ್ಲಿ ತೇಲುವುದೂ ಹೀಗೆಯೇ.

ಕೊನೆಗೆ ಒಂದು ಲೆಕ್ಕ, ನೀವೂ ಮಾಡಿ ನೋಡಿ. ಆಲಮಟ್ಟಿ ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿದಾಗ ಅದರಲ್ಲಿ ಸುಮಾರು 123 ಟಿಎಂಸಿ ನೀರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಒಂದು ಘನ ಮೀಟರ್ ನೀರು ಒಂದು ಟನ್. ಹಾಗಾದರೆ ಒಟ್ಟು ಸುಮಾರು 348 ಕೋಟಿ ಟನ್ ನೀರು. ಅಷ್ಟೇ ಗಾತ್ರದ ಇಳಕಲ್ ಕಲ್ಲು ಇದ್ದಿದ್ದರೆ? 2.7ರಿಂದ ಗುಣಿಸಿ: ಸುಮಾರು 940 ಕೋಟಿ ಟನ್.